ಗಿಡಗಳ ಮನೆತನ ಬಲ್ಲ ಸ್ವಾಮಿಯವರು

ಗಿಡಗಳಿಗೂ ಮನೆತನವುಂಟು ಎಂಬುದನ್ನು ಕನ್ನಡಿಗರಿಗೆ ನಗಿಸುತ್ತ ತಿಳಿಸಿಕೊಟ್ಟವರು ಡಾ. ಬಿ.ಜಿ.ಎಲ್. ಸ್ವಾಮಿ. ಇವರು ಡಿ.ವಿ. ಗುಂಡಪ್ಪನವರ ಮಗ. ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೊ. ಬೈಲಿಯವರ ಬಳಿ ಸಂಶೋಧನೆ ಮಾಡಿದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ದುಡಿದರು. ತಾವು ಗುರುತಿಸಿದ ಗಿಡವೊಂದಕ್ಕೆ ಗುರುವಿನ ಹೆಸರನ್ನೇ ಇಟ್ಟರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿ ಗಿಡ ಗುರುತಿಸಿದ ಪ್ರಸಂಗಗಳ ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 1980ರಲ್ಲಿ ತೀರಿಕೊಂಡರು.

ಗಿಡದ ಕುಲ ಹೇಳುವುದು ಸುಲಭವಲ್ಲ. ನಿಪ್ಪಾಣಿಯ ತಂಬಾಕು, ಅಡುಗೆಯ ಬದನೆ, ಮೆಣಸಿನಕಾಯಿ, ಬಟಾಟೆ, ತಿಪ್ಪೆಯ ಬದಿಯ ವಿಷದ ದತ್ತೂರಿ, ಇವೆಲ್ಲ ಒಂದೇ ಮನೆತನದವು ಎಂದರೆ ಯಾರಿಗೂ ನಗು ಬಂದೀತು! ಎಲೆ, ಕಾಯಿ ನೋಡಿದರೆ ಮೋಸಹೋಗುತ್ತೇವೆ. ಹೂ ಬಿಡಿಸಿದರೆ ಗುಟ್ಟು ತಿಳಿಯುತ್ತದೆ. ದಳಗಳು ಬುಡದಲ್ಲಿ ಕೂಡಿರುತ್ತವೆ. ಕೇಸರಗಳು ಸಾಮಾನ್ಯವಾಗಿ ಐದು.

ರೈತ ಬಾಂಧವರೆ, ಈ ನೆಂಟಸ್ತಿಕೆ ಹೊಲದಲ್ಲೂ ನಡೆಯುತ್ತದೆ. ತಂಬಾಕಿನ ಮೊಸಾಯಿಕ್ ನಂಜುರೋಗ ಮೆಣಸಿನಕಾಯಿ, ಟೊಮ್ಯಾಟೊಗಳಿಗೂ ಅಂಟುತ್ತದೆ. ತಂಬಾಕು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಮೆಣಸಿನ ಸಸಿ ಮುಟ್ಟಬೇಡಿರಿ. ತಂಬಾಕು ತೆಗೆದ ಹೊಲದಲ್ಲಿ ಮರುವರ್ಷ ಬದನೆ, ಮೆಣಸಿನಕಾಯಿ ಹಚ್ಚದೆ ಜೋಳ ಬಿತ್ತುವುದು ಲೇಸು.