ಹೆಂಡದ ಮಾರಯ್ಯ

ಕಲ್ಯಾಣದ ಶರಣರಲ್ಲಿ ಅನೇಕರ ಹೆಸರಿನೊಡನೆ ಅವರ ಕಾಯಕವೂ ಬೆರೆತು ಬಂದಿದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ ಎಂಬ ಹೆಸರುಗಳನ್ನು ನಾವು ಸಲೀಸಾಗಿ ಓದುತ್ತೇವೆ. ಹೆಂಡದ ಮಾರಯ್ಯನ ಬಳಿ ಬಂದಾಗ ಮಾತ್ರ ಮನಸ್ಸು ಕೊಂಚ ಹಿಂಜರಿಯುತ್ತದೆ. ಜನರ ಬುದ್ಧಿಗೆಡಿಸುವ ಪದಾರ್ಥವನ್ನು ಮಾರುತ್ತಿದ್ದವನು ಶರಣನಾದುದು ಹೇಗೆ?

ಮಾರಯ್ಯನು ಹನ್ನೆರಡನೆಯ ಶತಮಾನದವನು, ಬಸವಣ್ಣನವರ ಸಮಕಾಲೀನನು. ಹೆಂಡ ಮಾರಿ ಬದುಕುತ್ತಿದ್ದ ಈತನು, ಶರಣರ ಸಂಗ ದೊರೆತ ಬಳಿಕ, ಕುಡಿಯಬಂದವರಿಗೆ ಕುಡಿತದ ಕೇಡನ್ನು ತಿಳಿಯಹೇಳುತ್ತಿದ್ದನೆಂದು ಪರಂಪರೆಯು ನೆನೆಯುತ್ತದೆ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವನ 12 ವಚನಗಳು ಉಳಿದು ಬಂದಿವೆ. ತನ್ನ ವೃತ್ತಿಯ ಮಾತುಗಳನ್ನೇ ಆತನು ಅಲ್ಲಿ ಅನುಭಾವಕ್ಕೆ ಬಳಸಿಕೊಂಡಿದ್ದಾನೆ. ಹಳೆಯ ಕಸುಬಿನ ನೆನಪನ್ನು ಅವನು ಬಚ್ಚಿಡಲಿಲ್ಲ. ಹೆಸರಿನಿಂದಲೂ ಅದು ಅಳಿಯಲಿಲ್ಲ.

ಕುಡುಕನನ್ನು ಹೆಂಡ ಮಾರುವವನಷ್ಟು ಹತ್ತಿರದಿಂದ ಕಂಡವರು ಯಾರು? ಹಬ್ಬಕ್ಕೊಮ್ಮೆ ಬರುವವನಾರು, ನಸುಕಿನಲ್ಲೇ ನಡುಗುವ ಕೈ ಚಾಚುವವನಾರು ಎಂಬುದು ಅಂಗಡಿಯವನಿಗೆ ಗೊತ್ತು. ಆ ನಡುಕದ ಕಾರಣವನ್ನು ಇಂದಿನ ವೈದ್ಯಶಾಸ್ತ್ರವು ವಿವರಿಸುತ್ತದೆ. ಬಹುಕಾಲದ ಕುಡಿತಕ್ಕೆ ಮಿದುಳು ಒಗ್ಗಿಹೋಗುತ್ತದೆ. ಕುಡಿತವು ಥಟ್ಟನೆ ನಿಂತರೆ ನಡುಕ, ಸೆಳವು, ಸನ್ನಿ ಕಾಣಿಸಿಕೊಂಡು ಪ್ರಾಣಕ್ಕೂ ಅಪಾಯವಾಗಬಹುದು. ಆದುದರಿಂದ ಬರಿಯ ಆಣೆಪ್ರಮಾಣ ಸಾಲದು; ಔಷಧಿ, ಆಪ್ತಸಲಹೆ, ಮನೆಯವರ ತಾಳ್ಮೆ ಇವೆಲ್ಲವೂ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥವರನ್ನು ರೋಗಿಗಳೆಂದೇ ಬಗೆದು ಉಪಚರಿಸುತ್ತದೆ. ಬಿಟ್ಟವನು ಮತ್ತೆ ಕುಡಿದನೆಂದರೆ ಅದು ಅವನ ನೀಚತನವಲ್ಲ. ದೀರ್ಘವ್ಯಾಧಿಯು ಮರುಕಳಿಸುವ ರೀತಿಯೇ ಹಾಗೆ.

ಬಸವಣ್ಣನವರು ಐಕ್ಯರಾದ ಕೂಡಲಸಂಗಮವಿರುವ ಈ ನಮ್ಮ ಸೀಮೆಯು ಸರಕಾರಗಳ ಪ್ರಯತ್ನಗಳನ್ನೂ ಕಂಡಿದೆ. ತುಳಸಿಗೇರಿ, ಬಾಗಲಕೋಟೆಗಳು ವಿಜಾಪುರ ಜಿಲ್ಲೆಯೊಡನೆ ಮುಂಬಯಿ ಪ್ರಾಂತದಲ್ಲಿದ್ದಾಗ 1949ರ ಪಾನನಿಷೇಧದ ಕಾಯಿದೆ ಬಂದಿತು. 1967ರಲ್ಲಿ ಮೈಸೂರು ರಾಜ್ಯವು ಪಾನನಿಷೇಧವನ್ನು ಕೈಬಿಟ್ಟಿತು. 2007ರಲ್ಲಿ ಕರ್ನಾಟಕವು ಸಾರಾಯಿಯನ್ನು ನಿಷೇಧಿಸಿತು. ಕಾಯಿದೆಯು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದು. ಎಷ್ಟೋ ಸಂಸಾರಗಳಿಗೆ ಅದು ಉಸಿರಾಡಲು ಎಡೆ ಕೊಟ್ಟೀತು. ಆದರೆ ಬಾಗಿಲ ಹೊರಗೆ ನಿಂತ ಮನುಷ್ಯನ ಒಳಗಿನ ಹಂಬಲವನ್ನು ಅದು ಮುಟ್ಟಲಾರದು.

ಮಾರಯ್ಯನ ಮಹತ್ವವಿರುವುದು ಇಲ್ಲಿ. ಕುಡುಕನನ್ನು ಸಮಾಜವು ದೂರವಿರಿಸಿದಾಗಲೂ ಆತನು ಅವನೊಡನೆ ಮಾತನಾಡಿದನು. ಮಾರಿದ ಕೈಯೇ ತಡೆಯುವ ಕೈಯಾದುದರಿಂದ ಆ ಮಾತಿಗೆ ತೂಕ ಬಂದಿತು. ಶರಣರೂ ಅವನ ಕಸುಬನ್ನು ನೋಡಿ ಹೊರಗಿಡಲಿಲ್ಲ. ಒಳಗೆ ಕರೆಸಿಕೊಂಡವನು ತಾನು ಇತರರನ್ನು ಕರೆದನು. ನಮ್ಮ ಊರುಗಳ ವ್ಯಸನಿಗಳಿಗೂ ಚಿಕಿತ್ಸೆಗೆ ಮುನ್ನ ಬೇಕಾದುದು ಆ ಕರೆಯೇ.