ಅಧ್ಯಕ್ಷರ ದವಡೆ, ಡಾಲರಿನ ಮರ್ಯಾದೆ

1893ರ ಜೂನ್ 26ರಂದು ಭಾರತ ಸರ್ಕಾರ ತನ್ನ ಟಂಕಸಾಲೆಗಳ ಬಾಗಿಲನ್ನು ಬೆಳ್ಳಿಗೆ ಮುಚ್ಚಿತು. ಅಲ್ಲಿಯವರೆಗೆ ಯಾರೇ ಆಗಲಿ ಬೆಳ್ಳಿಯನ್ನು ಒಯ್ದುಕೊಟ್ಟು ರೂಪಾಯಿ ನಾಣ್ಯ ಮಾಡಿಸಿಕೊಳ್ಳಬಹುದಿತ್ತು. ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಈ ದಿನಾಂಕವನ್ನು ನಾವು ಕಂಠಪಾಠ ಮಾಡಿದ್ದೆವು. ಅದೇ ವಾರ ಅಮೆರಿಕದ ಅಧ್ಯಕ್ಷರೊಬ್ಬರು ತಮ್ಮ ಮೇಲ್ದವಡೆಯ ಗೆಡ್ಡೆಯನ್ನು ಗುಟ್ಟಾಗಿ ತೆಗೆಸಿಕೊಳ್ಳಲು ಸಿದ್ಧರಾಗುತ್ತಿದ್ದರು ಎಂಬುದು ಮಾತ್ರ ನಮ್ಮ ಪಠ್ಯಪುಸ್ತಕದಲ್ಲಿರಲಿಲ್ಲ.

ಗ್ರೋವರ್ ಕ್ಲೀವ್‌ಲೆಂಡ್ 1837ರಲ್ಲಿ ನ್ಯೂಜೆರ್ಸಿಯ ಕಾಲ್ಡ್‌ವೆಲ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಹದಿನಾರರಲ್ಲಿ ತಂದೆಯನ್ನು ಕಳೆದುಕೊಂಡು, ಕಾಲೇಜಿನ ಮೆಟ್ಟಿಲು ಹತ್ತದೆಯೇ ಬಫಲೊ ನಗರದಲ್ಲಿ ವಕೀಲರಾದರು. ಮುಂದೆ ಷೆರೀಫ್ ಆದಾಗ ಇಬ್ಬರು ಅಪರಾಧಿಗಳನ್ನು ಗಲ್ಲಿಗೇರಿಸುವ ಕೆಲಸವನ್ನು ಕೈಕೆಳಗಿನವರಿಗೆ ವಹಿಸದೆ ತಾವೇ ನಿರ್ವಹಿಸಿದರು. ಅಹಿತಕರ ಕಡತವನ್ನು ಕೆಳಗಿನ ಮೇಜಿಗೆ ತಳ್ಳುವ ಕಲೆಯನ್ನು ಮೂರು ದಶಕ ಕಂಡಿರುವ ನನಗೆ ಈ ವಿವರ ಮರೆಯಲಾಗದ್ದು. 1882ರಲ್ಲಿ ಮೇಯರ್, ಮರುವರ್ಷ ನ್ಯೂಯಾರ್ಕ್ ರಾಜ್ಯಪಾಲ, 1885ರಲ್ಲಿ ರಾಷ್ಟ್ರಾಧ್ಯಕ್ಷ. ಮೊದಲ ಅವಧಿಯಲ್ಲಿ ಅವರು ತಡೆಹಿಡಿದ ಮಸೂದೆಗಳು 414. ಹಿಂದಿನ ಅಧ್ಯಕ್ಷರೆಲ್ಲರೂ ಸೇರಿ ಅಷ್ಟು ತಡೆದಿರಲಿಲ್ಲ. 1887ರಲ್ಲಿ ಟೆಕ್ಸಾಸಿನ ಬರಪೀಡಿತ ರೈತರ ಬಿತ್ತನೆ ಬೀಜಕ್ಕಾಗಿ ಮಂಜೂರಾಗಿದ್ದ ಹತ್ತು ಸಾವಿರ ಡಾಲರನ್ನೂ ಅವರು ತಡೆದರು. ಬರದ ತಾಲ್ಲೂಕುಗಳಲ್ಲಿ ಕೆಲಸ ಮಾಡಿದವನಾಗಿ ಇದನ್ನು ನಾನು ಒಪ್ಪಲಾರೆ. 1888ರಲ್ಲಿ ಸೋತು, 1892ರಲ್ಲಿ ಮತ್ತೆ ಗೆದ್ದರು.

ಎರಡನೆಯ ಬಾರಿ ಅಧಿಕಾರ ಸಿಕ್ಕಿದ್ದು ಕೆಟ್ಟ ಗಳಿಗೆಯಲ್ಲಿ. 1890ರ ಷೆರ್ಮನ್ ಕಾಯ್ದೆಯ ಪ್ರಕಾರ ಖಜಾನೆಯು ತಿಂಗಳಿಗೆ 45 ಲಕ್ಷ ಔನ್ಸ್ ಬೆಳ್ಳಿಯನ್ನು ಕೊಳ್ಳಬೇಕಿತ್ತು. ಅದಕ್ಕೆ ಪ್ರತಿಯಾಗಿ ಕೊಟ್ಟ ನೋಟುಗಳನ್ನು ಜನ ತಂದು ಚಿನ್ನ ಕೇಳುತ್ತಿದ್ದರು. 1893ರ ಏಪ್ರಿಲ್‌ನಲ್ಲಿ ಚಿನ್ನದ ಮೀಸಲು ಹತ್ತು ಕೋಟಿ ಡಾಲರಿಗಿಂತ ಕೆಳಗಿಳಿಯಿತು; ಮೇ ತಿಂಗಳಲ್ಲಿ ಷೇರುಪೇಟೆ ಕುಸಿಯಿತು. ಭಾರತದ ಸುದ್ದಿ ತಲುಪಿದೊಡನೆ ಬೆಳ್ಳಿಯ ಬೆಲೆ ಮತ್ತಷ್ಟು ಬಿದ್ದಿತು. ಕಾಯ್ದೆಯನ್ನು ರದ್ದುಮಾಡಲು ಆಗಸ್ಟ್ 7ಕ್ಕೆ ವಿಶೇಷ ಅಧಿವೇಶನ ಸೇರಬೇಕೆಂದು ಕ್ಲೀವ್‌ಲೆಂಡ್ ಜೂನ್ 30ರಂದು ಘೋಷಿಸಿದರು. ಅಂದೇ ರಾತ್ರಿ ಗೆಳೆಯ ಬೆನೆಡಿಕ್ಟರ ವಿಹಾರನೌಕೆ ಒನೈಡಾವನ್ನು ಹತ್ತಿದರು.

ಅಂಗುಳಿನ ಎಡಭಾಗದಲ್ಲಿ ಒರಟು ಹುಣ್ಣೊಂದನ್ನು ವೈದ್ಯರು ಜೂನ್ ಮಧ್ಯದಲ್ಲಿಯೇ ಕಂಡಿದ್ದರು. ರೋಗಿಯ ಹೆಸರು ಹೇಳದೆ ತುಣುಕೊಂದನ್ನು ಸೇನಾ ವೈದ್ಯಕೀಯ ವಸ್ತುಸಂಗ್ರಹಾಲಯಕ್ಕೆ ಪರೀಕ್ಷೆಗೆ ಕಳುಹಿಸಿದರು. ದವಡೆಯ ಗೆಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. ಹಲ್ಲಿನ ಎನಾಮಲ್ ರೂಪಿಸುವ ಕೋಶಗಳಿಂದ ಹುಟ್ಟುವ ಅಮೆಲೊಬ್ಲಾಸ್ಟೋಮಾ ನೋವಿಲ್ಲದೆ, ನಿಧಾನವಾಗಿ, ಎಲುಬನ್ನು ಉಬ್ಬಿಸುತ್ತ ಬೆಳೆಯುತ್ತದೆ. ಅದು ಸಾಮಾನ್ಯವಾಗಿ ದೇಹದ ಬೇರೆಡೆ ಹರಡದು. ಆದರೆ ಬರೀ ಕೆರೆದು ತೆಗೆದರೆ ಮರಳಿ ಬರುತ್ತದೆ. ಸುತ್ತಲಿನ ಆರೋಗ್ಯವಂತ ಎಲುಬಿನ ಅಂಚಿನೊಂದಿಗೇ ಕತ್ತರಿಸಬೇಕಾಗುತ್ತದೆ. ಇಂದು ಸಿ.ಟಿ. ಸ್ಕ್ಯಾನ್ ಗೆಡ್ಡೆಯ ವ್ಯಾಪ್ತಿಯನ್ನು ತೋರಿಸುತ್ತದೆ, ಬಯಾಪ್ಸಿ ಅದರ ಜಾತಿಯನ್ನು ಹೇಳುತ್ತದೆ, ಕಳೆದುಹೋದ ದವಡೆಯನ್ನು ಕಾಲಿನ ಎಲುಬಿನಿಂದ ಕಟ್ಟಿಕೊಡುವುದೂ ಸಾಧ್ಯ. ರಾಂಟ್‌ಜೆನ್ ಎಕ್ಸ್ ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ಕ್ಲೀವ್‌ಲೆಂಡರ ವೈದ್ಯರಿಗೆ ಕಣ್ಣು, ಬೆರಳು ಮತ್ತು ಸೂಕ್ಷ್ಮದರ್ಶಕಗಳೇ ಆಧಾರ. ಮಾಜಿ ಅಧ್ಯಕ್ಷ ಗ್ರಾಂಟ್ 1885ರಲ್ಲಿ ಗಂಟಲಿನ ಕ್ಯಾನ್ಸರಿನಿಂದ ತೀರಿಕೊಂಡದ್ದನ್ನು ದೇಶವೆಲ್ಲ ನೋಡಿತ್ತು. ಅದು ಕ್ಯಾನ್ಸರೇ ಎಂದು ಬಗೆದು ಮುಂದುವರಿಯಲು ಶಸ್ತ್ರವೈದ್ಯ ಜೋಸೆಫ್ ಬ್ರಯಂಟ್ ನಿರ್ಧರಿಸಿದರು.

ಜುಲೈ 1ರಂದು, ಚಲಿಸುತ್ತಿದ್ದ ನೌಕೆಯ ಕೊಠಡಿಯಲ್ಲಿ, ಸ್ತಂಭಕ್ಕೆ ಬಿಗಿದ ಕುರ್ಚಿಯೊಂದರಲ್ಲಿ ಅಧ್ಯಕ್ಷರನ್ನು ಕೂರಿಸಲಾಯಿತು. ದಂತವೈದ್ಯ ಹ್ಯಾಸ್‌ಬ್ರೂಕ್ ನೈಟ್ರಸ್ ಆಕ್ಸೈಡ್ ಕೊಟ್ಟು ಎರಡು ಹಲ್ಲು ಕಿತ್ತರು, ಅನಂತರ ಈಥರ್. 56 ವರ್ಷದ ಸ್ಥೂಲಕಾಯದ ಚುಟ್ಟಾಪ್ರಿಯರಿಗೆ ಈಥರ್ ಕೊಡುವುದೇ ಅಪಾಯಕರವಾಗಿತ್ತು. ಬ್ರಯಂಟರಿಗೆ ನೆರವಾದವರು ಫಿಲಡೆಲ್ಫಿಯದ ವಿಲಿಯಂ ಕೀನ್. ಕೆನ್ನೆಯನ್ನು ಅಗಲಿಸುವ ಉಪಕರಣವೊಂದನ್ನು ಅವರು ಹಿಂದೆ ಪ್ಯಾರಿಸ್ಸಿನಿಂದ ತಂದಿದ್ದರು. ಅದರಿಂದಾಗಿ ಎಡ ಮೇಲ್ದವಡೆಯ ಬಹುಭಾಗವನ್ನು ಬಾಯೊಳಗಿನಿಂದಲೇ ತೆಗೆಯಲಾಯಿತು. ಮುಖದ ಮೇಲೆ ಒಂದು ಗೀರೂ ಬೀಳಲಿಲ್ಲ, ಮೀಸೆಗೂ ಧಕ್ಕೆಯಾಗಲಿಲ್ಲ. ಜುಲೈ 17ರಂದು ಅದೇ ನೌಕೆಯಲ್ಲಿ, ಅನುಮಾನ ತಂದ ಇನ್ನೊಂದಿಷ್ಟು ಭಾಗವನ್ನು ಕತ್ತರಿಸಿದರು. ಗಿಬ್ಸನ್ ಎಂಬ ದಂತವೈದ್ಯರು ರಬ್ಬರಿನ ಕೃತಕ ದವಡೆ ಮಾಡಿಕೊಟ್ಟರು. ಅದನ್ನು ಅಳವಡಿಸಿದಾಗ ಮಾತು ಮೊದಲಿನಂತೆಯೇ ಕೇಳುತ್ತಿತ್ತು. ಪತ್ರಿಕೆಗಳಿಗೆ ತಿಳಿಸಿದ್ದು ವಾತದ ನೋವು, ಹಲ್ಲಿನ ತೊಂದರೆ ಎಂದಷ್ಟೆ. ಉಪಾಧ್ಯಕ್ಷ ಅಡ್ಲಾಯ್ ಸ್ಟೀವನ್‌ಸನ್ ಬೆಳ್ಳಿಯ ಪಕ್ಷಪಾತಿಯಾಗಿದ್ದುದರಿಂದ, ನಿಜ ತಿಳಿದರೆ ಪೇಟೆ ನೆಲಕಚ್ಚುವುದೆಂಬ ಭಯ ಅಧ್ಯಕ್ಷರ ಆಪ್ತರಿಗಿತ್ತು.

ರಹಸ್ಯ ಎಂಬ ಮುದ್ರೆಯೊತ್ತಿದ ಕಡತಗಳಿಗೆ ನಾನೂ ಸಹಿ ಹಾಕಿದ್ದೇನೆ. ಆ ಭಯವನ್ನು ಹಗುರವಾಗಿ ಕಾಣಲಾರೆ. ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ಷೆರ್ಮನ್ ಕಾಯ್ದೆಯ ಬೆಳ್ಳಿ ಖರೀದಿ ನವೆಂಬರ್ ಹೊತ್ತಿಗೆ ರದ್ದಾಯಿತಾದರೂ ಆರ್ಥಿಕ ಮುಗ್ಗಟ್ಟು ಅದರಿಂದ ತೀರಲಿಲ್ಲ, ಅವರ ಅಧಿಕಾರದ ಕೊನೆಯವರೆಗೂ ಕಾಡಿತು. 1895ರಲ್ಲಿ ಚಿನ್ನಕ್ಕಾಗಿ ಬ್ಯಾಂಕರ್ ಮಾರ್ಗನ್ ಬಳಿ ಹೋಗುವುದೂ ತಪ್ಪಲಿಲ್ಲ. ಇತ್ತ ಆಗಸ್ಟ್ 29ರಂದು ಫಿಲಡೆಲ್ಫಿಯ ಪ್ರೆಸ್ ಪತ್ರಿಕೆಯಲ್ಲಿ ಇ.ಜೆ. ಎಡ್ವರ್ಡ್ಸ್ ಎಂಬ ವರದಿಗಾರರು ಶಸ್ತ್ರಚಿಕಿತ್ಸೆಯ ಸಂಗತಿಯನ್ನು ಬಹುಮಟ್ಟಿಗೆ ನಿಖರವಾಗಿ ಪ್ರಕಟಿಸಿದರು. ಅಧ್ಯಕ್ಷರ ಬಳಗ ಅದನ್ನು ಅಲ್ಲಗಳೆಯಿತು. ನಿಜ ಬರೆದ ಎಡ್ವರ್ಡ್ಸ್ ಸುಳ್ಳುಗಾರರೆನಿಸಿಕೊಂಡರು. ಪ್ರಾಮಾಣಿಕತೆಗೆ ಹೆಸರಾಗಿದ್ದ ಕ್ಲೀವ್‌ಲೆಂಡ್ ಈ ಒಬ್ಬ ವ್ಯಕ್ತಿಯ ಋಣವನ್ನು ಎಂದೂ ತೀರಿಸಲಿಲ್ಲ. ಆ ಕೆಲಸ ಮಾಡಿದವರು ಡಾ. ಕೀನ್, 1917ರಲ್ಲಿ, ಇಪ್ಪತ್ತನಾಲ್ಕು ವರ್ಷಗಳ ಬಳಿಕ, ಎಲ್ಲವನ್ನೂ ಬರೆದರು.

ಕ್ಲೀವ್‌ಲೆಂಡ್ ಅಷ್ಟರಲ್ಲಿ ಇರಲಿಲ್ಲ. 1908ರ ಜೂನ್ 24ರಂದು ಪ್ರಿನ್ಸ್‌ಟನ್‌ನಲ್ಲಿ ನಿಧನರಾಗಿದ್ದರು. ದವಡೆಯ ರೋಗ ಆ ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಮರುಕಳಿಸಲಿಲ್ಲ. ಹಾಗಾದರೆ ಅದು ಕ್ಯಾನ್ಸರೇ ಆಗಿತ್ತೇ, ಅಮೆಲೊಬ್ಲಾಸ್ಟೋಮಾದಂತಹ ನಿರಪಾಯಕಾರಿ ಗೆಡ್ಡೆಯಾಗಿತ್ತೇ ಎಂದು ವೈದ್ಯರು ದಶಕಗಳ ಕಾಲ ವಾದಿಸಿದರು. ಗೆಡ್ಡೆಯ ತುಣುಕುಗಳು ಫಿಲಡೆಲ್ಫಿಯದ ಮ್ಯೂಟರ್ ಸಂಗ್ರಹಾಲಯದಲ್ಲಿ ಉಳಿದಿದ್ದವು. ಅವುಗಳನ್ನು ಮತ್ತೆ ಪರೀಕ್ಷಿಸಿದ ತಜ್ಞರು 1980ರಲ್ಲಿ ಫಲಿತಾಂಶ ಪ್ರಕಟಿಸಿದರು: ವೆರುಕಸ್ ಕಾರ್ಸಿನೋಮಾ, ಅಂದರೆ ಹೂಕೋಸಿನಂತೆ ಬೆಳೆಯುವ, ಬೇರೆಡೆಗೆ ಹರಡುವುದು ಅಪರೂಪವಾದ, ಪೂರ್ತಿ ಕತ್ತರಿಸಿದರೆ ವಾಸಿಯಾಗಬಲ್ಲ ಕ್ಯಾನ್ಸರ್. ಬ್ರಯಂಟ್ ಅದನ್ನು ಪೂರ್ತಿಯಾಗಿಯೇ ಕತ್ತರಿಸಿದ್ದರು.