ಲವ್‌ಕ್ರಾಫ್ಟ್‌ನ ಭಯ, ನಮ್ಮ ಆಟದ ಮೇಜು

ಇಂಜಿನಿಯರಿಂಗ್ ಮುಗಿದ ಮೇಲೂ ನಾನು ಬಿಡದ ಹಾಸ್ಟೆಲ್ ಚಟ ಒಂದೇ, ರೋಲ್‌ಪ್ಲೇಯಿಂಗ್ ಗೇಮ್. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಕೆಲವು ವರ್ಷಗಳ ಹಿಂದೆ ‘ಕಾಲ್ ಆಫ್ ಕ್ತುಲು’ ಆಡಿಸುತ್ತಿದ್ದೆ. ಸಮುದ್ರದಾಳದ ರಾಕ್ಷಸನನ್ನು ಪೂಜಿಸುವ ಗುಂಪನ್ನು ವರ್ಣಿಸುವಾಗ ಗೆಳೆಯನೊಬ್ಬ ತಡೆದ. ಇವರೆಲ್ಲ ಕಪ್ಪು ಮೈಬಣ್ಣದ ಹಡಗಿನ ಆಳುಗಳು, ವಲಸಿಗರೇ ಯಾಕೆ, ಈ ಕಥೆಯಲ್ಲಿ ನಾವಿದ್ದಿದ್ರೆ ಯಾವ ಕಡೆ ಇರ್ತಿದ್ವಿ ಅಂತ ಕೇಳಿದ. ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕಿಕೊಂಡು ಹೋದಾಗ ಎದುರಾದದ್ದು ಆ ಲೋಕ ಕಟ್ಟಿದ ಎಚ್.ಪಿ. ಲವ್‌ಕ್ರಾಫ್ಟ್‌ನ ಬದುಕು.

ಆತ ಹುಟ್ಟಿದ್ದು 1890ರಲ್ಲಿ, ಅಮೆರಿಕದ ಪ್ರಾವಿಡೆನ್ಸ್ ಪಟ್ಟಣದಲ್ಲಿ. ಮೂರು ವರ್ಷ ತುಂಬುವ ಮೊದಲೇ ಅಪ್ಪ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ, 1898ರಲ್ಲಿ ಅಲ್ಲೇ ತೀರಿಕೊಂಡ. 1904ರಲ್ಲಿ ಅಜ್ಜ ಸತ್ತಾಗ ದುಡ್ಡೆಲ್ಲ ಕರಗಿ, ಹುಟ್ಟಿದ ಮನೆ ಬಿಡಬೇಕಾಯ್ತು. ಹೈಸ್ಕೂಲೂ ಮುಗೀಲಿಲ್ಲ. 1921ರಲ್ಲಿ ಅಮ್ಮನೂ ಅದೇ ಆಸ್ಪತ್ರೆಯಲ್ಲಿ ಹೋದಳು. ಎಲ್ಲ ಕಳಕೊಂಡವನ ಕೈಯಲ್ಲಿ ಉಳಿದದ್ದು ತಾನು ಹಳೇ ಇಂಗ್ಲಿಷ್ ವಂಶದವನು ಅನ್ನೋ ಹೆಮ್ಮೆ.

1924ರಲ್ಲಿ ಸೋನಿಯಾ ಗ್ರೀನ್ ಜೊತೆ ಮದುವೆ. ಆಕೆ ಉಕ್ರೇನ್ ಮೂಲದ ಯಹೂದಿ, ಸ್ವತಃ ವಲಸೆ ಬಂದವಳು. ಅವಳ ಸಂಪಾದನೆಯ ಮೇಲೆ ಇಬ್ಬರೂ ಬ್ರೂಕ್ಲಿನ್‌ನಲ್ಲಿ ಸಂಸಾರ ಹೂಡಿದರು. ಟೋಪಿ ವ್ಯಾಪಾರ ಕೈಕೊಟ್ಟಾಗ ಆಕೆ ಕೆಲಸಕ್ಕಾಗಿ ಬೇರೆ ಊರಿಗೆ ಹೋದಳು. ಇವನಿಗೆ ಕೆಲಸವೇ ಸಿಗಲಿಲ್ಲ. ಬಾಡಿಗೆ ಕೋಣೆಗೆ ಕಳ್ಳರು ನುಗ್ಗಿ ಬಟ್ಟೆಬರೆ ಹೊತ್ತೊಯ್ದರು. ಬೀದಿಯಲ್ಲಿ ವಲಸಿಗರ ಗುಂಪು ಕಂಡರೆ ಕುದಿಯುತ್ತಿದ್ದ ಎಂದು ಸೋನಿಯಾ ಮುಂದೆ ನೆನಪಿಸಿಕೊಂಡಿದ್ದಾಳೆ. 1925ರಲ್ಲಿ ಬರೆದ ‘ದಿ ಹಾರರ್ ಅಟ್ ರೆಡ್ ಹುಕ್’ ಆ ಸಿಟ್ಟಿನ ಕೂಸು. ಅದರಲ್ಲಿ ವಲಸಿಗರ ಬಡಾವಣೆಯೇ ಸೈತಾನ ಪೂಜೆಯ ಅಡ್ಡೆ. 1926ರಲ್ಲಿ ಊರಿಗೆ ಮರಳಿ ಕ್ತುಲು ಕಥೆ ಬರೆದ.

ಪೂರ್ವಗ್ರಹ ಇರುವ ಪಾತ್ರವನ್ನು ಬರೆಯೋದು ತಪ್ಪಲ್ಲ. ಆದರೆ ಲವ್‌ಕ್ರಾಫ್ಟ್‌ನಲ್ಲಿ ಅದು ಪಾತ್ರದ ದೋಷವಾಗಿ ಉಳಿಯದೆ ಲೋಕದ ನಿಯಮವೇ ಆಗಿಬಿಡುತ್ತೆ. ಪರಕೀಯರನ್ನು ಕಂಡು ಹೆದರಿದವನು ಹೆದರಿದ್ದೇ ಸರಿ ಅಂತ ಕಥೆ ಸಾಬೀತು ಮಾಡುತ್ತೆ. ನನ್ನ ಇಂಜಿನಿಯರ್ ಭಾಷೆಯಲ್ಲಿ ಹೇಳೋದಾದ್ರೆ, ದೋಷ ಯೂಸರ್‌ನದ್ದಲ್ಲ, ಡಿಸೈನಿನದ್ದು.

1937ರಲ್ಲಿ, 46ನೇ ವಯಸ್ಸಿಗೆ, ಕರುಳಿನ ಕ್ಯಾನ್ಸರ್‌ನಿಂದ ಬಡವನಾಗಿಯೇ ಸತ್ತ. ಕೀರ್ತಿ ಬಂದದ್ದು ಆಮೇಲೆ. 1981ರಲ್ಲಿ ಸ್ಯಾಂಡಿ ಪೀಟರ್ಸನ್ ಆತನ ಕಥೆಗಳನ್ನು ರೋಲ್‌ಪ್ಲೇಯಿಂಗ್ ಗೇಮ್ ಮಾಡಿದರು. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯ ಟ್ರೋಫಿಯೇ ಆತನ ಮುಖವಾಗಿತ್ತು. 2011ರಲ್ಲಿ ಅದನ್ನು ಗೆದ್ದ ನೈಜೀರಿಯಾ ಮೂಲದ ಲೇಖಕಿ ನೆಡಿ ಒಕೊರಾಫೊರ್, ತನ್ನಂಥವರನ್ನು ಕೀಳಾಗಿ ಕಂಡವನ ತಲೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಮುಜುಗರದ ಬಗ್ಗೆ ಬರೆದರು. 2015ರಲ್ಲಿ ಆ ಮುಖವನ್ನು ಕೈಬಿಟ್ಟರು.

ಹಾಗಂತ ಆಟದಿಂದ ಪೂರ್ವಗ್ರಹವನ್ನೇ ಅಳಿಸಿದ್ರೆ ಸಾಕಾ? 1920ರ ದಶಕದ ಅಮೆರಿಕದಲ್ಲಿ ವರ್ಣಭೇದ ಇರಲೇ ಇಲ್ಲ ಅಂತ ಆಡೋದೂ ಸುಳ್ಳೇ. 2017ರಲ್ಲಿ ಕ್ರಿಸ್ ಸ್ಪೈವಿ ತಂದ ‘ಹಾರ್ಲೆಮ್ ಅನ್‌ಬೌಂಡ್’ ಬೇರೆ ದಾರಿ ಹಿಡಿಯಿತು. ಅದೇ ಕ್ತುಲು ಆಟ, ಆದರೆ ಪತ್ತೇದಾರರು ಹಾರ್ಲೆಮ್‌ನ ಕಪ್ಪು ಜನ. ಬೇರೆ ಜನಾಂಗದವರ ಜೊತೆ ವ್ಯವಹರಿಸುವಾಗ ದಾಳದ ಲೆಕ್ಕವೇ ಕಠಿಣವಾಗುವ ನಿಯಮ ಅದರಲ್ಲಿದೆ. ಅಲ್ಲಿ ಪೂರ್ವಗ್ರಹ ಇದೆ, ನೋಯಿಸುತ್ತೆ. ಆದರೆ ಅದೇ ಸತ್ಯ ಅಂತ ಆ ಲೋಕ ಒಪ್ಪಲ್ಲ.

ಆಮೇಲೆ ನಮ್ಮ ಮೇಜಿನಲ್ಲೂ ಕಥೆ ಬದಲಾಯಿಸಿದೆ. ಯಾರಿಗೆ ಯಾವ ವಿಷಯ ಬೇಡ ಅಂತ ಮೊದಲೇ ಕೇಳಿಕೊಂಡೆ. ರಾಕ್ಷಸ ಪೂಜೆಯನ್ನು ಊರಿನ ಗಣ್ಯ ಮನೆತನಗಳಿಗೆ ಕೊಟ್ಟೆ. ಗೆಳೆಯ ಭಾರತದಿಂದ ಹೋದ ಹಡಗಿನ ಆಳಿನ ಪಾತ್ರ ಆರಿಸಿಕೊಂಡ. ಬಂದರಿನ ಪೊಲೀಸ್ ಅವನ ಮಾತನ್ನು ನಂಬಲಿಲ್ಲ, ಅವನ ಮೇಲೇ ಅನುಮಾನಪಟ್ಟ. ಆದರೆ ಅವನು ಕಂಡದ್ದು ನಿಜವಾಗಿತ್ತು, ಮತ್ತು ಕೊನೆಗೆ ಆ ಊರನ್ನು ಉಳಿಸಿದವನೂ ಅವನೇ.